ಸೀತಾನ ಪಾಲಿನ ಸಕ್ಕರೆ

ಹೋದ ವರ್ಷ ಸಂಕ್ರಮಣ ಇನ್ನೇನು ಬಂತು ಅನ್ನುವಾಗ ಧಾರವಾಡಕ್ಕೆ ಹೋಗಬೇಕಾಯಿತು. ಹಳೆಯ ವಿದ್ಯಾರ್ಥಿಗಳು ಕೂಡಿ ನನಗೆ ಶಾಲು ಹೊದಿಸುವುದೆಂದು ಠರಾವು ಮಾಡಿದ್ದರು. ನಿವೃತ್ತ ಪ್ರಾಧ್ಯಾಪಕನ ಬಾಳಿನಲ್ಲಿ ಶಾಲು ತಪ್ಪಿಸಿಕೊಳ್ಳಲಾಗದ ಸಂಸ್ಕಾರ. ಅದಕ್ಕೂ ಅದರ ಮುಂದಿನ ಸಂಸ್ಕಾರಕ್ಕೂ ನಡುವೆ ಬಹಳ ಅಂತರ ಇರುವುದಿಲ್ಲವಾದ್ದರಿಂದ ಯಾರೂ ಬೇಡ ಅನ್ನಬಾರದು.

ಮರುದಿನ ಬೆಳಿಗ್ಗೆ ಅದೇ ಶಾಲು ಹೊದ್ದು ಮಾಳಮಡ್ಡಿಯ ಓಣಿಗಳಲ್ಲಿ ತಿರುಗಾಡಲು ಹೊರಟೆ. ಒಂದು ಹಿತ್ತಲಿನಿಂದ ವಾಸನೆ ಬಂತು. ಇದ್ದಿಲ ಕೆಂಡ, ಕಾದ ತಾಮ್ರ, ಅದರ ಮೇಲೆ ನಿಧಾನವಾಗಿ ಒಣಗುತ್ತಿರುವ ಸಕ್ಕರೆಪಾಕ. ಸಕ್ಕರೆ ಸುಟ್ಟರೆ ಇಡೀ ಓಣಿಗೆ ಗೊತ್ತಾಗುತ್ತದೆ. ಸುಡದೆ, ಕರಗದೆ, ಹರಳಾಗುತ್ತಿರುವ ಸಕ್ಕರೆಗೂ ಒಂದು ವಾಸನೆ ಇದೆ. ಅದು ತಿಳಿಯಬೇಕಾದರೆ ಒಂದು ಚಳಿಗಾಲ ಅದರ ಮಗ್ಗುಲಿಗೆ ಕೂತಿರಬೇಕು. ನಾನು ಓಣಿಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿ ಬಾರಿಸಿ ಬೇಸತ್ತು, "ಅಜ್ಜಾರ, ಇಲ್ಲೇ ಮನಿ ಮಾಡಿದ್ರೇನು?" ಎಂದ.

ಮಾಡಿದ್ದೆ. ಮಹಾಯುದ್ಧದ ನಡುವಿನ ಒಂದು ವರ್ಷ, ಅದೇ ಓಣಿಯಲ್ಲಿ, ತುಂಗಾ ಕಾಕು ಅವರ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ.

ಆಗ ಸಕ್ಕರೆ, ಸೀಮೆಎಣ್ಣೆ, ಅರಿವೆ ಎಲ್ಲಕ್ಕೂ ರೇಷನ್ ಇತ್ತು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ನನ್ನ ಹೇಳಿಕೆ. ಹುಡುಗರ ಹೇಳಿಕೆ ಬೇರೆ ಇರಬಹುದು. ಉಳಿದ ವೇಳೆಗೆ ಒಂದು ಹುಚ್ಚು ಹಚ್ಚಿಕೊಂಡಿದ್ದೆ. ದ್ರಾವಣದಲ್ಲಿ ಹರಳಿನ ಕಣಗಳು ಹೇಗೆ ಹುಟ್ಟುತ್ತವೆ, ಹೇಗೆ ಬೆಳೆಯುತ್ತವೆ, ಹೇಗೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ ಎಂಬುದನ್ನು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿ ಹೇಳಲು ಬರುತ್ತದೆಯೇ ಎಂಬುದು ಆ ಹುಚ್ಚು. ಹೊರದೇಶದ ವಿದ್ವಾಂಸರು ತುಂಡು ತುಂಡಾಗಿ ಬರೆದದ್ದಿತ್ತು. ಅವನ್ನು ಜೋಡಿಸಿ, ಲಾಗರಿದಮ್ ಪುಸ್ತಕದ ಬೆನ್ನು ಮುರಿಯುವ ತನಕ ಗುಣಿಸಿ, ಭಾಗಿಸಿ, ಒಂದು ಸಣ್ಣ ಜಗತ್ತನ್ನು ನಡೆಸುತ್ತಿದ್ದೆ. ಬ್ರಹ್ಮನಿಗೂ ನನಗೂ ಇದ್ದ ವ್ಯತ್ಯಾಸವೆಂದರೆ ಅವನಿಗೆ ಸೀಮೆಎಣ್ಣೆಯ ಕೊರತೆ ಇರಲಿಲ್ಲ.

ಕಾಕು ಅವರ ಮಗ ರಾಘಣ್ಣ ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಸಂಜೆಯ ಗಾಡಿಗೆ ಬಂದು, ಕಟ್ಟೆಯ ಮೇಲೆ ನನ್ನ ಜೋಡಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಅವನಿಗೆ ಒಮ್ಮೆ ತಿಳಿಸಿ ಹೇಳಿದ್ದೆ.

"ಒಂದು ಸಾಲಿ ಅಂತ ತಿಳಕೋ ರಾಘಣ್ಣ. ಹೊಸದಾಗಿ ಹುಟ್ಟಿದ ಕಣ ಅಂದ್ರ ಒಂದನೇ ಇಯತ್ತೆಕ್ಕ ಹೆಸರು ಹಚ್ಚಿದ ಹುಡುಗ. ಸಕ್ರಿ ಉಂಡು ದೊಡ್ಡದಾತು ಅಂದ್ರ ಪಾಸಾಗಿ ಎರಡನೇ ಇಯತ್ತೆ. ಎರಡು ಕಣ ಬಡದಾಡಿ ಅಂಟಿಕೊಂಡ್ರ, ಇಬ್ಬರು ಎರಡನೇಯವರು ಕೂಡಿ ಒಬ್ಬ ನಾಕನೇ ಇಯತ್ತೆಯವ. ಯಾವ ತಾಸಿನ್ಯಾಗ ಯಾವ ಇಯತ್ತೆದಾಗ ಎಷ್ಟು ಹುಡುಗರು ಅದಾರ ಅಂತ ಹೇಳೂದ ನನ್ನ ಲೆಕ್ಕ."

"ಫೇಲಾದವರು?"

"ಕರಗಿ ಹೋಗ್ತಾರ."

"ಛಲೋ ಸಾಲಿ ತಗದೀರಿ ಮಾಸ್ತರ. ನಮ್ಮ ಮನಿ ಹುಡುಗರನ್ನ ಹಚ್ಚೂದಿಲ್ಲ ಬಿಡ್ರಿ," ಎಂದು ಹೇಳಿದ ರಾಘಣ್ಣ ತಟ್ಟನೆ ಎಲೆಗೆ ಸುಣ್ಣ ಹಚ್ಚಲು ಬಗ್ಗಿದ. ಆ ಮನೆಯಲ್ಲಿ ಹುಡುಗರಿರಲಿಲ್ಲ. ಒಂದು ಆಗಬೇಕಿತ್ತು, ಆಗಿರಲಿಲ್ಲ.

ಮನೆಯಲ್ಲಿ ನಾವು ನಾಲ್ವರು: ಕಾಕು, ರಾಘಣ್ಣ, ಹಿಂದಿನ ಬೇಸಿಗೆಯಲ್ಲಿ ಮದುವೆಯಾಗಿ ಬಂದ ಅವನ ಎರಡನೆಯ ಹೆಂಡತಿ ಪದ್ಮಾ, ಮತ್ತು ನಾನು. ಐದನೆಯವಳು ಸೀತಾ. ಸೀತಾ ರಾಘಣ್ಣನ ಮೊದಲ ಹೆಂಡತಿ. ಚೊಚ್ಚಲ ಹೆರಿಗೆಯಲ್ಲಿ ಕೂಸಿನ ಜೊತೆಗೇ ತೀರಿಕೊಂಡು ವರ್ಷದ ಮೇಲಾಗಿತ್ತು. ಹಾಗಿದ್ದರೂ ಮನೆಯ ವ್ಯವಹಾರದಲ್ಲಿ ಆಕೆಯ ಹಾಜರಿ ನನ್ನದಕ್ಕಿಂತ ಹೆಚ್ಚಿತ್ತು. ಬೆಳಗಿನ ಮೊದಲ ಭಕ್ಕರಿ ಸೀತಾನ ಹೆಸರಿನಲ್ಲಿ ಆಕಳಿಗೆ. ಮೊದಲ ಹೂವು ಸೀತಾನ ಫೋಟೋಕ್ಕೆ. ಹೊಸ ಸೀರೆ ಬಂದರೆ ಮೊದಲು ಆಕೆಯ ಗೂಟಕ್ಕೆ ಒಂದು ರಾತ್ರಿ ತೂಗಬೇಕು, ಆಮೇಲೆ ಪದ್ಮಾ ಉಡಬೇಕು. ಪದ್ಮಾನ ಕೊರಳಿನಲ್ಲಿ ತಾಳಿಯ ಬದಿಗೆ ಒಂದು ಸಣ್ಣ ಬಂಗಾರದ ಬಿಲ್ಲೆ ಇತ್ತು. ಅದರ ಮೇಲೆ ಒಬ್ಬ ಹೆಣ್ಣುಮಗಳ ಮುಖ. ಎರಡನೆಯವಳಾಗಿ ಬಂದವಳು ಮೊದಲನೆಯವಳನ್ನು ಹೀಗೆ ಕೊರಳಲ್ಲಿ ಹೊತ್ತು ತಿರುಗಿದರೆ ಆಕೆ ಕಾಡುವುದಿಲ್ಲವೆಂದು ರೂಢಿ. ಅಡಿಗೆಮನೆಯಿಂದ ದಿನಕ್ಕೆ ಹಲವು ಸಲ ಒಂದೇ ಸಂವಾದ ಕೇಳಿಸುತ್ತಿತ್ತು.

"ಸೀತಾಗ ತೆಗೆದಿಟ್ಟಿ ಏನು?"

"ಇಟ್ಟೆನ್ರಿ ಅತ್ತಿ."

ಬಂದ ಹೊಸದರಲ್ಲಿ ಪದ್ಮಾ ಜೋರಾಗಿ ನಗುತ್ತಿದ್ದಳಂತೆ. ಬೆಂಗೇರಿಯ ಕಡೆಯ ಹುಡುಗಿ, ತಾಯಿ ಇಲ್ಲದವಳು, ಹದಿನೆಂಟು ದಾಟಿರಲಿಕ್ಕಿಲ್ಲ. ನಾನು ದೀಪಾವಳಿ ಕಳೆದು ಆ ಮನೆಗೆ ಬರುವ ಹೊತ್ತಿಗೆ ನಗು ನಿಂತಿತ್ತು. ಆಕೆಗೆ ಆಗಷ್ಟೇ ಬಸುರು ನಿಂತಿತ್ತು.

ಸಂಕ್ರಮಣ ಹತ್ತಿರ ಬಂತು. ಮದುವೆಯಾದ ಮೊದಲ ಸಂಕ್ರಮಣಕ್ಕೆ ಸೊಸೆಗೆ ಕರಿ ಸೀರೆ ಉಡಿಸಿ, ಕುಸುರೆಳ್ಳಿನ ದಾಗೀನು ಹಾಕಿ, ಮುತ್ತೈದೆಯರನ್ನು ಕರೆದು ಆರತಿ ಮಾಡಬೇಕು. ಕುಸುರೆಳ್ಳು ಅಂದರೆ ಈಗ ಪೊಟ್ಟಣದಲ್ಲಿ ಬರುವ ಬಣ್ಣದ ಗುಂಡುಗಳಲ್ಲ. ಶೇಗಡಿಯ ಮಂದ ಕೆಂಡದ ಮೇಲೆ ತಾಮ್ರದ ಪರಾತ, ಅಂದರೆ ಅಗಲವಾದ ತಾಟು, ಇಟ್ಟು, ಎಳ್ಳು ಹರವಿ, ಹನಿ ಹನಿಯಾಗಿ ಪಾಕ ಬಿಡುತ್ತ ಬೆರಳ ತುದಿಯಿಂದ ಹೊರಳಾಡಿಸುತ್ತ ಕೂಡಬೇಕು. ಹನಿ ಒಣಗಿದ ಮೇಲೆ ಮತ್ತೊಂದು ಹನಿ. ಹೀಗೆ ಬೆಳಗಿನ ಥಂಡಿಯಲ್ಲಿ, ಮೋಡವಿಲ್ಲದ ದಿನಗಳಲ್ಲಿ, ಒಂದೊಂದು ಎಳ್ಳಿನ ಸುತ್ತಲೂ ಬಿಳಿ ಮುಳ್ಳುಗಳು ಏಳುತ್ತವೆ. ಆ ಮುಳ್ಳೇ ಕುಸುರು. ದಾರಕ್ಕೆ ಅಂಟಿಸಿ ಸರ, ಬಳೆ, ನತ್ತು ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ನಾನು ಕಾಗದದ ಮೇಲೆ ನಡೆಸುತ್ತಿದ್ದ ಸಾಲಿಯ ಅಸಲು ಕಟ್ಟಡ.

ಪದ್ಮಾ ಮೊದಲ ಸಲ ಕೂತ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಕೆಲಗೇರಿಯ ಕೆರೆಯ ಕಡೆಯಿಂದ ಅದು ಎದ್ದು ಬಂದು ಓಣಿಯಲ್ಲಿ ಯಾರನ್ನೋ ಹುಡುಕುವ ಹಾಗೆ ಮನೆ ಮನೆಯ ಮುಂದೆ ನಿಲ್ಲುತ್ತಿತ್ತು. ಹೊತ್ತೇರುವ ಹೊತ್ತಿಗೆ ಪರಾತದಲ್ಲಿ ಇದ್ದದ್ದು ಕುಸುರೆಳ್ಳಲ್ಲ. ಒಂದು ಕಡೆ ಹಿಟ್ಟಿನಂಥ ಸಕ್ಕರೆ ಪುಡಿ, ಇನ್ನೊಂದು ಕಡೆ ಎಳ್ಳೂ ಆ ಪುಡಿಯೂ ಕೂಡಿ ಮುದ್ದೆಯಾದ ಗಂಟುಗಳು.

ಕಾಕು ಪರಾತ ನೋಡಿದರು. ಫೋಟೋದ ಕಡೆ ನೋಡಿದರು.

"ಸೀತಾ ಒಲ್ಲೆ ಅನ್ಲಿಕತ್ತಾಳ," ಎಂದರು.

ಅಷ್ಟೇ ಅಂದಿದ್ದರೆ ಸಕ್ಕರೆ ಹಾಳಾಯಿತು ಅನ್ನುವಲ್ಲಿಗೆ ಮುಗಿಯುತ್ತಿತ್ತು. ಆದರೆ ನೆರೆಮನೆಯ ಮುತ್ತೈದೆಯರಿಗೆ ಈ ವಿಷಯದಲ್ಲಿ ಶಾಸ್ತ್ರಜ್ಞಾನ ಹೆಚ್ಚು. ಬಸುರಿಯ ಕೈಯಲ್ಲಿ ಕುಸುರು ಏಳದಿದ್ದರೆ ಬಸುರೂ ನೆಲೆಗೊಳ್ಳುವುದಿಲ್ಲವೆಂದು ಅವರು ಹಿತ್ತಲ ಗೋಡೆಯ ಮೇಲಿನಿಂದ ತೀರ್ಪು ಕೊಟ್ಟರು. ಸೀತಾ ಹೆರಿಗೆಯಲ್ಲಿ ಹೋದವಳು. ಒಲ್ಲೆ ಅಂದರೆ ಏನು ಅರ್ಥ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂದಿನಿಂದ ಪದ್ಮಾನ ಊಟ ನಿಂತಿತು. ತಾಟಿನ ಮುಂದೆ ಕೂಡುವಳು, ಸೀತಾನ ಪಾಲು ತೆಗೆದಿಡುವಳು, ಉಳಿದದ್ದನ್ನು ಕಲಸುತ್ತ ಕೂತು ಎದ್ದು ಹೋಗುವಳು. ರಾಘಣ್ಣನನ್ನು ಕೇಳಿದೆ. ರೈಲ್ವೆಯವನಾದ್ದರಿಂದ ಎರಡು ಹಳಿಗಳ ನಡುವೆ ಸರಿಯಾಗಿ ನಿಲ್ಲುವುದು ಅವನಿಗೆ ರೂಢಿ. "ಅವ್ವ ಅನ್ನೂದೂ ಖರೇ ಇರಬೇಕು. ಈಕಿ ಅಳೂದೂ ಖರೇನ ಅದ," ಎಂದ.

ಒಂದು ಮಧ್ಯಾಹ್ನ ಕಾಕು ಪುರಾಣ ಕೇಳಲು ಮಠಕ್ಕೆ ಹೋಗಿದ್ದಾಗ ಪದ್ಮಾ ನನ್ನ ಖೋಲಿಯ ಹೊಸ್ತಿಲಿನಾಚೆ ಬಂದು ನಿಂತಳು.

"ಮಾಸ್ತರ, ನೀವು ಹರಳಿನ ವಿದ್ಯಾ ಕಲ್ತೀರಂತ. ಮನಿಯವರು ಅಂತಿದ್ರು."

"ವಿದ್ಯಾ ಅಲ್ಲ ತಂಗೀ, ಬರೇ ಲೆಕ್ಕ."

"ಲೆಕ್ಕಾನ ಇರ್ಲಿ. ನನ್ನ ಪರಾತದಾಗ ಯಾಕ ಏಳವಲ್ಲದು ನೋಡಿ ಹೇಳ್ರಿ. ಅಕ್ಕ ಒಲ್ಲೆ ಅಂದ್ರ ನಾ ಉಳಿಯೂದಿಲ್ಲ. ಉಳಿಯೂದಿಲ್ಲ ಅಂಬೂದು ಮೊದ್ಲ ಗೊತ್ತಾದ್ರ ಛಲೋ, ನಮ್ಮಪ್ಪಗ ಒಮ್ಮೆ ಬಂದು ಹೋಗಂತ ಹೇಳಿ ಕಳಸ್ತೇನಿ."

ಇದನ್ನು ಆಕೆ ಹಾಲಿನವನಿಗೆ ನಾಳೆ ಅರ್ಧ ಸೇರು ಸಾಕು ಅನ್ನುವ ಧಾಟಿಯಲ್ಲಿ ಹೇಳಿದಳು. ತಾಯಿಯಿಲ್ಲದ ಹುಡುಗಿಗೆ ಏನು ಹೇಳಬೇಕೆಂದು ತಿಳಿಯದೆ, ಬಲ್ಲವರು ಮಾಡುವಂತೆ, ಪಾಕ ಎಷ್ಟು ಗಟ್ಟಿ ಇತ್ತು, ಎಳ್ಳು ಎಷ್ಟು ಹಾಕಿದ್ದೆ, ಕೆಂಡ ಎಷ್ಟಿತ್ತು ಎಂದು ಕೇಳಿದೆ. ಹಾಳಾದ ಪುಡಿಯನ್ನು ಒಂದು ಕಾಗದದಲ್ಲಿ ಕಟ್ಟಿಸಿಕೊಂಡು ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ.

ನಂತರದ ಸಂಜೆಗಳನ್ನು ಆ ಲೆಕ್ಕಕ್ಕೆ ಕೊಟ್ಟೆ. ಪಾಕ ತಾನಾಗಿ ಹೊಸ ಕಣ ಹುಟ್ಟಿಸುವಷ್ಟು ಗಟ್ಟಿ ಇರಲಿಲ್ಲ. ಎಳ್ಳಷ್ಟೇ ಸಕ್ಕರೆ ಉಣ್ಣುತ್ತಿದ್ದರೆ ಪ್ರತಿ ಕಾಳೂ ದಪ್ಪಗಾಗಬೇಕಿತ್ತು. ಆದರೆ ಪುಡಿಯಲ್ಲಿನ ಕಣಗಳು ಹೆಚ್ಚು ಕಡಿಮೆ ಒಂದೇ ಗಾತ್ರ, ಅಂದರೆ ಎಲ್ಲವೂ ಒಂದೇ ದಿನ ಹೆಸರು ಹಚ್ಚಿದ ಹುಡುಗರು. ಅವುಗಳ ಸಂಖ್ಯೆಗೋ ಮಿತಿಯೇ ಇಲ್ಲ. ಇರುವ ಸಕ್ಕರೆ ಅಷ್ಟಕ್ಕಷ್ಟೇ. ಉಣ್ಣುವ ಬಾಯಿ ಅಷ್ಟೊಂದು ಸೇರಿದರೆ ಯಾವುದೂ ದೊಡ್ಡದಾಗುವುದಿಲ್ಲ, ಹಸಿವಿನಲ್ಲಿ ಒಂದನ್ನೊಂದು ತಬ್ಬಿ ಗಂಟಾಗುತ್ತವೆ. ಲೆಕ್ಕ ಎಲ್ಲಿಂದ ಹಾಕಿದರೂ ಅಲ್ಲಿಗೇ ಬಂತು. ನನಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ ಪದ್ಮಾನನ್ನು ಕರೆದು ನನ್ನ ಜೀವಮಾನದ ಅತ್ಯಂತ ಅವಿವೇಕದ ವೈಜ್ಞಾನಿಕ ವಾಕ್ಯವನ್ನು ಗಂಭೀರವಾಗಿ ನುಡಿದೆ.

"ತಂಗೀ, ನಿನ್ನ ಪರಾತದಾಗ ಎಳ್ಳು ಬಿಟ್ಟು ಬ್ಯಾರೆ ಯಾರೋ ಪಾಲುದಾರರು ಇದ್ದಾರ. ಕಣ್ಣಿಗೆ ಕಾಣೂದಿಲ್ಲ. ಆದ್ರ ಇರೂದು ಮಾತ್ರ ಖರೇ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಗೊತ್ತದ," ಎಂದಳು.

ಮಾಡಿದ ಘಾತವನ್ನು ಸರಿಪಡಿಸಲೆಂದು, ಮುಂದಿನ ಸಲ ಕುಸುರೆಳ್ಳು ಮಾಡುವಾಗ ನಾನೂ ನೋಡುತ್ತೇನೆಂದು ಕಾಕು ಅವರಿಗೆ ಅರ್ಜಿ ಹಾಕಿದೆ. ಮಡಿಯ ಪ್ರಶ್ನೆ ಬಂತು. ನಾನು ಹೊಸ್ತಿಲಿನ ಹೊರಗೆ ಕೂಡುವುದು, ಉದ್ದ ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಮಾತ್ರ ಒಳಗೆ ಬಿಡುವುದು ಎಂದು ಒಪ್ಪಂದವಾಯಿತು.

"ಆ ಕಡ್ಡಿ ಮಡಿ ಏನ್ರಿ?"

"ಒಳಗ ಪಾದರಸ ಅದ ಕಾಕು."

"ಪಾದರಸ ಮಡಿ. ಗಾಜು?"

ಗಾಜಿನ ಮೇಲೆ ನೀರು ಚಿಮುಕಿಸಿ ಪಾವನ ಮಾಡಿದರು. ಕಾದ ಪರಾತದ ಮೇಲೆ ಇಟ್ಟ ಕೂಡಲೇ ಅದು ಟಿಕ್ಕೆಂದು ಸೀಳಿತು. ಹೀಗಾಗಿ ವಿಜ್ಞಾನದ ಉಪಕರಣವೆಂದು ಉಳಿದದ್ದು ನನ್ನ ಕಣ್ಣುಗಳು ಮಾತ್ರ. ಆದದ್ದೂ ಒಳ್ಳೆಯದೇ ಆಯಿತು. ಪಾಕ ಇಳಿಸಿ ಪದ್ಮಾ ಶೇಗಡಿಯ ಕೆಂಡ ಸರಿಮಾಡಲು ತಿರುಗಿದಳು. ಅಷ್ಟರಲ್ಲಿ ಕಾಕು ಸೆರಗಿನೊಳಗಿಂದ ಒಂದು ಬಿಳಿ ಪಿಂಗಾಣಿ ಭರಣಿ ತೆಗೆದು, ಚಿಟಿಕೆ ಏನನ್ನೋ ಪಾಕಕ್ಕೆ ಉದುರಿಸಿ, ತುಟಿ ಅಲುಗಿಸಿ, ಭರಣಿ ಮತ್ತೆ ಮುಚ್ಚಿದರು. ಫೋಟೋದೊಳಗಿನ ಸೀತಾ, ಹೊಸ್ತಿಲಿನಾಚೆಯ ನಾನು, ಇಬ್ಬರೇ ನೋಡಿದವರು. ಹೊತ್ತೇರುವ ಹೊತ್ತಿಗೆ ಪರಾತದ ತುಂಬ ಮತ್ತೆ ಪುಡಿ. ಪದ್ಮಾ ಎದ್ದು ಹಿತ್ತಲಿಗೆ ಹೋದಳು.

"ಕಾಕು, ಆ ಭರಣ್ಯಾಗ ಏನದ?" ಎಂದೆ.

ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಭರಣಿ ಬಿಚ್ಚಿ ತೋರಿಸಿದರು. ಮೇಲೆ ಒಂದು ಕಾಗದದ ಚೀಟಿಯಲ್ಲಿ ಬಿಳಿ ಪುಡಿ, ಅದರ ಕೆಳಗೆ ಭರಣಿಯ ತುಂಬ ಕುಸುರೆಳ್ಳು, ಒಂದೊಂದೂ ಮಲ್ಲಿಗೆಯ ಮೊಗ್ಗಿನಷ್ಟು. ನಾನು ಅಂಥದ್ದನ್ನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

"ಸೀತಾ ಮಾಡಿದ್ದು. ಕಡೀ ಸಂಕ್ರಮಣದ್ದು. ಆಕಿ ಹಸ್ತ ಇದರಾಗ ಅದ. ಈ ಹುಡುಗಿಗೂ ಹತ್ಲಿ ಅಂತ ಪಾಕದಾಗ ಒಂಚೂರು ಹಾಕ್ತೇನಿ."

"ಇಡೀ ಕಾಳು ಹಾಕೂದಿಲ್ಲೇನು?"

"ಇಡೀ ಹಾಕಿದ್ರ ಯಾರರೆ ಒಬ್ಬರ ಬಾಯಾಗ ಹೋಗ್ತದ. ಕುಟ್ಟಿ ಪುಡಿ ಮಾಡಿದ್ರ ಎಲ್ಲಾ ಕಾಳಿಗೂ ಆಕಿ ಸ್ವಲ್ಪ ಸ್ವಲ್ಪ ಬರ್ತಾಳ."

ಈ ತರ್ಕದಲ್ಲಿ ನನಗೆ ಒಂದೂ ತಪ್ಪು ಕಾಣಲಿಲ್ಲ. ಪ್ರೀತಿಯ ಲೆಕ್ಕ ಹಾಗೆಯೇ ಇರಬೇಕು. ಹರಳಿನ ಲೆಕ್ಕ ಬೇರೆ. ಕಲ್ಲಿನಲ್ಲಿ ಕುಟ್ಟಿದ ಆ ಚಿಟಿಕೆಯಲ್ಲಿ ಲಕ್ಷಗಟ್ಟಲೆ ಚೂರುಗಳು, ಪ್ರತಿ ಚೂರೂ ಒಂದು ಬೀಜ, ಪ್ರತಿ ಬೀಜಕ್ಕೂ ಹಸಿವು. ನಾನು ಆದಷ್ಟು ಮೆತ್ತಗೆ ಹೇಳಿದೆ.

"ಕಾಕು, ಆ ಪುಡೀನ ಸಕ್ಕರೀ ಎಲ್ಲಾ ತಾ ಎಳಕೋತದ. ಎಳ್ಳಿಗೆ ಏನೂ ಉಳಿಯೂದಿಲ್ಲ."

"ಅಂದ್ರ ಸೀತಾನ ಎಳಕೊಳ್ಳಿಕತ್ತಾಳ ಅಂದಂಗಾತು."

ಅಲ್ಲ ಎನ್ನಲು ಬಾಯಿ ತೆರೆದೆ. ಶಾಸ್ತ್ರೀಯವಾಗಿ ನೋಡಿದರೆ ಅಲ್ಲ ಎನ್ನಲು ಆಧಾರವಿರಲಿಲ್ಲ. ನಾಲ್ಕು ಸಂಜೆ ಲೆಕ್ಕ ಹಾಕಿ ನಾನು ಸಿದ್ಧ ಮಾಡಿದ್ದು, ಈ ಮುದುಕಿ ಫೋಟೋ ನೋಡಿ ಒಂದೇ ಸಲಕ್ಕೆ ಹೇಳಿದ್ದನ್ನೇ. ಹಿತ್ತಲ ಬಾಗಿಲಲ್ಲಿ ಸಪ್ಪಳವಾಯಿತು. ಪದ್ಮಾ ನಿಂತಿದ್ದಳು, ಎಲ್ಲ ಕೇಳಿದ್ದಳು.

ನನಗೆ ಬೇರೇನೂ ತೋಚಲಿಲ್ಲ. ಸೀತಾನ ಒಂದು ಕಾಳು ಕೊಡಿರೆಂದು ಕಾಕು ಅವರನ್ನು ಬೇಡಿದೆ. ಅವರು ಭರಣಿಯಲ್ಲಿ ಬಹಳ ಹೊತ್ತು ಆರಿಸಿ, ಎಲ್ಲಕ್ಕೂ ಸಣ್ಣದನ್ನು ಕೊಟ್ಟರು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ ಮಸೂರದ ಕೆಳಗೆ ಇಟ್ಟೆ. ನಡುವೆ ಕಂದಿದ ಎಳ್ಳು. ಅದರ ಸುತ್ತ ಪದರದ ಮೇಲೆ ಪದರ, ಒಂದೊಂದು ಹನಿಗೂ ಒಂದೊಂದು. ನಾನು ಯಾವಾಗಲೂ ಮುಂದೆ ಏನಾಗುತ್ತದೆಂದು ಲೆಕ್ಕ ಹಾಕಿದವನು. ಅಂದು ಮೊದಲ ಸಲ ಹಿಂದಕ್ಕೆ ಓದಿದೆ. ಈ ಪದರ ಕೆಂಡ ಹೊಸದಿರುವಾಗಿನದು. ಇಲ್ಲಿ ಹನಿ ದೊಡ್ಡದಾಗಿ ಬಿದ್ದಿದೆ. ಇಲ್ಲಿಂದ ಇಲ್ಲಿಯ ತನಕ ಬೆರಳು ಒಂದೇ ಸಮನೆ ಆಡಿದೆ, ಎಷ್ಟು ಸಮ ಎಂದರೆ ಆಕೆ ಏನನ್ನೋ ಗುನುಗುತ್ತಿರಬೇಕು. ಆಮೇಲೆ ಒಂದು ಕಡೆ ಬೆಳವಣಿಗೆ ಫಕ್ಕನೆ ನಿಂತಿತ್ತು. ಮೇಲ್ಮೈ ಸವೆದು, ಮಂಕಾಗಿ, ಅದರ ಮೇಲೆ ಒಂದು ಸಣ್ಣ ಬೂದಿಯ ಗೆರೆ. ಅದರಾಚೆಗೆ ಮತ್ತೆ ಸುರುವಾದ ಪದರಗಳು ಮೊದಲಿನಂತೆ ಇರಲಿಲ್ಲ. ತೆಳ್ಳಗೆ, ಅಂಕುಡೊಂಕು, ಅವಸರದವು. ನನ್ನ ಮುಂದೆ ಒಂದು ಇಡೀ ಬೆಳಗು ಇತ್ತು. ಅದನ್ನು ಬದುಕಿದವಳು ಇರಲಿಲ್ಲ. ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದೆ. ಜವಾನ, ಕೋಣೆಗೆ ಬೀಗ ಹಾಕಲು ಬಂದಿದ್ದ. ಅವನನ್ನು ಕಂಡು ಇಷ್ಟು ಸಂತೋಷಪಟ್ಟವರು ಆ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ.

ಮನೆಗೆ ಬಂದು ಕಾಕು ಅವರನ್ನು ಕೇಳಿದೆ. "ಅವತ್ತು ಸೀತಾ ಕುಸುರೆಳ್ಳು ಮಾಡ್ತಾ ಮಾಡ್ತಾ ನಡುವ ಎದ್ದು ಹೋಗಿದ್ರೇನು?"

ಅವರು ಸೋಸುತ್ತಿದ್ದ ಅಕ್ಕಿಯ ಮೊರ ಕೆಳಗಿಟ್ಟರು.

"ವಾಂತಿ ಆತು ಆಕೀಗೆ. ನಾನ ಎಬ್ಬಿಸಿ ಒಳಗ ಮಲಗಿಸಿ ಬಂದೆ. ಪರಾತ ಹಂಗ ಬಿಟ್ಟಿದ್ದೆ, ಕೆಂಡದ ಬೂದಿ ಹಾರಿತ್ತು. ಮುಂದ ಉಳಿದದ್ದು ನಾನ ಮಾಡಿದೆ, ಅವಸರದಾಗ." ಅವರ ದನಿ ಇಳಿಯಿತು. "ಅವತ್ತು ಮನ್ಯಾಗ ನಾವಿಬ್ಬರ ಇದ್ವಿ. ನಿಮಗ್ಯಾರು ಹೇ‍ಳಿದ್ರು ಮಾಸ್ತರ?"

"ಆ ಸಕ್ಕರಿ ಕಾಳಿನ್ಯಾಗ ಬರದದ."

ಅಂದಿನಿಂದ ಕಾಕು ನನ್ನನ್ನು ರಸಾಯನಶಾಸ್ತ್ರದ ಪಂಕ್ತಿಯಿಂದ ಎಬ್ಬಿಸಿ, ಸತ್ತವರ ಜೊತೆ ಮಾತಾಡುವವರ ಪಂಕ್ತಿಯಲ್ಲಿ ಕೂಡಿಸಿದರು. ಅಲ್ಲಿ ನನ್ನ ಮಾತಿಗೆ ಕಾಲೇಜಿನಲ್ಲಿ ಎಂದೂ ಸಿಗದ ಬೆಲೆ ಸಿಕ್ಕಿತು. ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕೇಳಿದರು. "ಹಂಗಾರ ಆಕೀನ್ನ ಪಾಕದಾಗ ಹಾಕಬ್ಯಾಡ ಅಂತೀರಿ. ಆಕಿ ಪಾಲು ಇಲ್ಲದ ಈ ಮನ್ಯಾಗ ಹಬ್ಬ ಆಗಬೇಕಂತೀರಿ."

ಹೌದು ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ಅದನ್ನು ಹೇಳುವ ಮೊದಲೇ ಅಡಿಗೆಮನೆಯಿಂದ ಪದ್ಮಾ ಬಂದಳು.

"ಮಾಸ್ತರ, ಅಕ್ಕನ್ನ ಕುಟ್ಟದ ಹಾಕಿದ್ರ?"

"ಅಂದ್ರ?"

"ಇಡೀ ಕಾಳು. ಎಳ್ಳಿನ ಜೋಡೀನ ಪರಾತದಾಗ ಬಿಟ್ರ? ನಿಮ್ಮ ಲೆಕ್ಕಾ ಏನಂತದ?"

ಲೆಕ್ಕಕ್ಕೆ ಪುಸ್ತಕ ಬೇಕಾಗಲಿಲ್ಲ. ಇಡೀ ಕಾಳು ಒಂದು ಹಿಡಿ ಅಂದರೆ ಒಂದು ಹಿಡಿ ಬಾಯಿ, ಅಷ್ಟೆ. ಎಳ್ಳಿಗೆ ಸಿಕ್ಕಂತೆ ಅವಕ್ಕೂ ಸಿಗುತ್ತದೆ. ಇನ್ನಷ್ಟು ಬೆಳೆಯುತ್ತವೆ. ಎಲ್ಲರಿಗೂ ಸಾಲುತ್ತದೆ.

"ಹಂಗ ಮಾಡಿದ್ರ ಸೀತಾ ಒಳಗ ಮುಚ್ಚಿ ಹೋಗ್ತಾಳಲ್ಲ?" ಎಂದರು ಕಾಕು.

"ಒಳಗ ಇರ್ಲಿ ಬಿಡ್ರಿ ಅತ್ತಿ," ಎಂದಳು ಪದ್ಮಾ. "ಇಷ್ಟು ಥಂಡ್ಯಾಗ ಹೊರಗ ಯಾಕ ನಿಲ್ಲಬೇಕು ಅಕ್ಕ?"

ಮನೆಯಲ್ಲಿ ಉಳಿದಿದ್ದ ರೇಷನ್ ಸಕ್ಕರೆ ಇನ್ನೊಂದೇ ಸಲಕ್ಕೆ. ಭೋಗಿಯ ಹಿಂದಿನ ಬೆಳಗು ಆಕಾಶ ಒರೆಸಿಟ್ಟಂತಿತ್ತು, ಉಸಿರು ಬಿಟ್ಟರೆ ಹೊಗೆ. ಪದ್ಮಾ ಎಳ್ಳು ಹರವಿದಳು. ಕಾಕು ತಾವೇ ಸೀತಾನ ಕಾಳುಗಳನ್ನು ಒಂದೊಂದಾಗಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಟ್ಟರು. ನಾನು ಹೊಸ್ತಿಲಿನಾಚೆ ಕೂತಿದ್ದೆ, ರಾಘಣ್ಣ ಮೊದಲ ಗಾಡಿ ತಪ್ಪಿಸಿಕೊಂಡು ನನ್ನ ಹಿಂದೆ ನಿಂತಿದ್ದ. ಹನಿ ಬಿತ್ತು, ಬೆರಳು ಆಡಿತು, ತಾಮ್ರದ ಮೇಲೆ ಕಾಳು ಹೊರಳುವ ಸಪ್ಪಳ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಿತ್ತಲ ಕಡೆಯ ಬೆಳಕು ಪರಾತದ ಅಂಚಿಗೆ ಬಂದಾಗ, ಒಂದು ಕಾಳು ಮಿನುಗಿತು. ಅದರ ಬದಿಯದೂ ಮಿನುಗಿತು. ಮುಳ್ಳು ಎದ್ದಿತ್ತು.

"ಅತ್ತೀ," ಎಂದಳು ಪದ್ಮಾ, ಕೈ ನಿಲ್ಲಿಸದೆ. ಕಾಕು ಪರಾತದೊಳಗೆ ಸೀತಾನ ಕಾಳುಗಳು ಯಾವುವು ಎಂದು ಹುಡುಕುತ್ತಿದ್ದರು. ಹಳೆಯವು ಹೊಸ ಸಕ್ಕರೆಯನ್ನು ಹೊದ್ದು ಬೆಳ್ಳಗಾಗಿದ್ದವು. ಗುರುತು ಸಿಗುತ್ತಿರಲಿಲ್ಲ.

ಸಂಕ್ರಮಣದ ಸಂಜೆ ಕರಿ ಸೀರೆಯ ಮೇಲೆ ಬಿಳಿ ದಾಗೀನು ಹಾಕಿ ಪದ್ಮಾ ಮಣೆಯ ಮೇಲೆ ಕೂತಳು. ಗೋಡೆಯಾಚೆಯ ಶಾಸ್ತ್ರಜ್ಞೆಯರು ಆರತಿ ಎತ್ತಿ, ತಾವು ಮೊದಲೇ ಹೇಳಿದ್ದೆವೆಂದು ಹೇಳಿದರು. ಆ ರಾತ್ರಿ ಪದ್ಮಾ ಎರಡು ಭಕ್ಕರಿ ತಿಂದಳೆಂದು ರಾಘಣ್ಣ ಕಟ್ಟೆಯ ಮೇಲೆ ನನಗೆ ಗುಟ್ಟಾಗಿ ತಿಳಿಸಿದ. ನನ್ನ ಲೆಕ್ಕಕ್ಕೆ ಸಿಕ್ಕ ಪಾರಿತೋಷಕ ಅದೊಂದೇ. ಇವತ್ತಿಗೂ ಆ ಶಾಲಿಗಿಂತ ಅದನ್ನೇ ಹೆಚ್ಚೆನ್ನುತ್ತೇನೆ.

ಎಲ್ಲ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಬ್ಬ ಕಳೆದ ಮೇಲೂ ಕೆಲವು ಬೆಳಗು, ಮನೆಯವರು ಯಾರೂ ಏಳುವ ಮೊದಲು, ತಾಮ್ರದ ಮೇಲೆ ಕಾಳು ಹೊರಳುವ ಸಪ್ಪಳ ನನಗೆ ಕೇಳಿಸುತ್ತಿತ್ತು. ಇಲಿ ಇರಬೇಕೆಂದು ತೀರ್ಮಾನಿಸಿದ್ದೆ. ಅಷ್ಟು ಸಮವಾದ ಕೈಯ ಇಲಿ. ಒಂದು ದಿನ ಊಟಕ್ಕೆ ಕೂತಾಗ ಪದ್ಮಾ ತಾನಾಗಿ ಹೇಳಿದಳು: "ನನಗೂ ಕೇಳಸ್ತದ್ರಿ ಮಾಸ್ತರ. ಇರ್ಲಿ ಬಿಡ್ರಿ." ಹೇಳಿ ಸಾರು ಬಡಿಸಿದಳು. ಧೈರ್ಯ ಬಂದಿತ್ತು ಆಕೆಗೆ. ಅಂಜಿಕೆ ಹೋಗಿರಲಿಲ್ಲ. ಎರಡೂ ಒಂದೇ ಮನೆಯಲ್ಲಿ ಇರುವುದನ್ನು ಕಲಿತಿದ್ದವು.

ಮಳೆಗಾಲ ಹಿಡಿಯಿತು. ತಾಯಿಯಿಲ್ಲದ ತವರಿಗೆ ಕಳಿಸುವುದು ಬೇಡವೆಂದು ಕಾಕು ಹೆರಿಗೆಯನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ಬೇನೆ ಸುರುವಾಯಿತು. ಸೂಲಗಿತ್ತಿ ಬಂದಳು. ಸೀತಾ ಹೋದ ಖೋಲಿಯೇ. ಆ ಮನೆಯಲ್ಲಿ ಹೆರಿಗೆಗೆ ಬೇರೆ ಖೋಲಿ ಇರಲಿಲ್ಲ. ಗಂಡಸರಾದ ನಮ್ಮಿಬ್ಬರನ್ನು ಹೊರಗೆ ಹಾಕಿದರು. ನಾನೂ ರಾಘಣ್ಣನೂ ಕಟ್ಟೆಯ ಮೇಲೆ ಮಗ್ಗುಲಿಗೆ ಮಗ್ಗುಲು ಕೂತೆವು. ಮಳೆ ಹೊಡೆಯುತ್ತಿತ್ತು. ಹಂಚಿನ ಮಾಡು ಎರಡೂ ತುದಿಗೆ ಸೋರುತ್ತಿದ್ದುದರಿಂದ ನಡುವಿನ ಒಣ ಜಾಗದಲ್ಲಿ ಒತ್ತಿ ಕೂತಿದ್ದೆವು. ಒಳಗಿನಿಂದ ಪದ್ಮಾನ ದನಿ ಬರುತ್ತಿತ್ತು. ಆಮೇಲೆ ಅದು ಸಣ್ಣದಾಯಿತು. ಆಮೇಲೆ ಬರಲಿಲ್ಲ. ಸೂಲಗಿತ್ತಿ ಏನೋ ಗದರಿಸುವುದಷ್ಟೇ ಕೇಳುತ್ತಿತ್ತು. ರಾಘಣ್ಣ ನನ್ನ ಕೈ ಹಿಡಿದುಕೊಂಡ. "ಹೋದ ಸಲಾನೂ ಹಿಂಗ ಸುಮ್ಮಾಗಿತ್ತು ಮಾಸ್ತರ," ಎಂದ.

ಬಾಗಿಲು ತೆರೆಯಿತು. ಕಾಕು ಹೊಸ್ತಿಲಲ್ಲಿ ನಿಂತಿದ್ದರು. ನಮ್ಮ ಕಡೆ ನೋಡಲಿಲ್ಲ. ತಮ್ಮ ಬೆನ್ನ ಹಿಂದೆ ನಿಂತಿರುವ ಒಬ್ಬರಿಗೆ ದಾರಿ ಬಿಡುವ ಹಾಗೆ ಬಾಗಿಲಿಗೆ ಒರಗಿ, ಬಹಳ ಮೆತ್ತಗೆ ಹೇಳಿದರು.

"ಸೀತಾ, ನೀ ಸ್ವಲ್ಪ ಹೊರಗ ಕೂಡವ್ವಾ. ಖೋಲಿ ಸಣ್ಣದು. ಆಕೀಗೆ ಉಸರಾಡ್ಲಿಕ್ಕೆ ಜಾಗಾ ಸಾಲವಲ್ಲದು. ನೀ ಇದ್ರ ನನಗ ನಿನ್ನ ಮ್ಯಾಲೇ ಕಣ್ಣು ಹೋಗ್ತದ. ಹೋಗು ನನ್ನವ್ವಾ. ತೋಯಿಸ್ಕೋಬ್ಯಾಡ, ನಡುವ ಕೂಡು."

ಒಬ್ಬರು ಹೊಸ್ತಿಲು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದರು. ಆಮೇಲೆ ಬಾಗಿಲು ಮುಚ್ಚಿಕೊಂಡರು, ಒಳಗಿನಿಂದ ಅಗಳಿ ಹಾಕಿದ ಸಪ್ಪಳವೂ ಕೇಳಿತು.

ರಾಘಣ್ಣ ನನ್ನ ಕೈ ಬಿಟ್ಟು ಆ ತುದಿಗೆ ಸರಿದ. ನಾನು ಈ ತುದಿಗೆ ಸರಿದೆ. ನಡುವಿನ ಒಣ ಜಾಗ ತೆರವಾಯಿತು. ಮಾಡಿನ ನೀರು ನನ್ನ ಹೆಗಲ ಮೇಲೆ ಸುರಿಯುತ್ತಿತ್ತು, ಅವನ ಟೊಪ್ಪಿಗೆ ತೊಯ್ದು ಹೋಗಿತ್ತು. ಇಬ್ಬರೂ ಎದುರಿನ ಓಣಿ ನೋಡುತ್ತ ಕೂತೆವು.

ಬಹಳ ಹೊತ್ತಿನ ಮೇಲೆ ಒಳಗೆ ಕೂಸು ಅತ್ತಿತು. ಸೂಲಗಿತ್ತಿ ಕಿಡಕಿಯಿಂದಲೇ, "ಹೆಣ್ಣಾಗೇತ್ರಿ, ಇಬ್ಬರೂ ಅರಾಮ ಅದಾರ," ಎಂದು ಕೂಗಿದಳು. ಅವಳ ಮಾತು ಮುಗಿಯುವ ಮೊದಲೇ ಪದ್ಮಾ ನೀರು ಕೇಳುವುದು ಕೇಳಿಸಿತು. ರಾಘಣ್ಣ ಎದ್ದ. ನಡುವಿನ ಜಾಗವನ್ನು ತುಳಿಯದೆ, ಮಳೆಯಲ್ಲಿ ಇಳಿದು, ಸುತ್ತು ಹಾಕಿ ಬಾಗಿಲಿಗೆ ಹೋದ.

ನಾನು ಕೂತೇ ಇದ್ದೆ. ಮಳೆ ಇನ್ನೂ ಜೋರಾಯಿತು. ನಡುವಿನ ಜಾಗ ಒಣಗಿಯೇ ಇತ್ತು, ಇಬ್ಬರು ಕೂಡುವಷ್ಟಿತ್ತು. ನಾನು ಅತ್ತ ಸರಿಯಲಿಲ್ಲ.